ಬಯಲುಸೀಮೆಯ ತೋಳ: ಚಳಿಗಾಲದಲ್ಲಿ ಫೋಟೊ ತೆಗೆಯುವ ಬಗೆ

ತೋಳದ ಬೆನ್ನು ಹತ್ತಿದವರಿಗೆ ಸಿಗುವುದು ಅದರ ಬೆನ್ನೇ. ದೂರ ಓಡುತ್ತಿರುವ ಪ್ರಾಣಿ, ಹಿಂದಕ್ಕೆ ತಿರುಗಿದ ಕತ್ತು, ಕಾಲುಗಳ ನಡುವೆ ಸಿಕ್ಕಿಸಿಕೊಂಡ ಬಾಲ: ಇದು ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಿ ತೆಗೆದ ಚಿತ್ರ ಎಂದು ತಿಳಿದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮುಖ ಬೇಕಿದ್ದರೆ ಅದು ನಡೆಯುವ ದಾರಿಯನ್ನು ಮೊದಲೇ ಗುರುತಿಸಿ, ಅದು ಬರುವುದಕ್ಕೆ ಮುಂಚೆ ಅಲ್ಲಿ ಹೋಗಿ ಕೂತಿರಬೇಕು. ಮಿಕ್ಕಿದ್ದೆಲ್ಲ, ಲೆನ್ಸೂ ಸೇರಿದಂತೆ, ಆಮೇಲಿನ ಮಾತು.

ಇಲ್ಲಿ ಹೇಳುತ್ತಿರುವುದು ನಮ್ಮ ದಖ್ಖನ್ ಬಯಲಿನ ತೋಳದ ಬಗ್ಗೆ. ಹಿಮದಲ್ಲಿ ನಿಂತ ದಟ್ಟ ತುಪ್ಪಳದ ತೋಳದ ಚಿತ್ರಗಳನ್ನು ನೋಡಿ ಬಂದವರಿಗೆ ಇದು ಮೊದಲ ನೋಟಕ್ಕೆ ಬಡಕಲು ನಾಯಿಯಂತೆ ಕಂಡೀತು. ತೂಕ ಸುಮಾರು 20 ಕಿಲೋ, ಉದ್ದ ಕಾಲು, ಇಕ್ಕಟ್ಟಾದ ಎದೆ, ಒಣಹುಲ್ಲಿನದೇ ಬಣ್ಣ. ಬಾಲ ಸಾಮಾನ್ಯವಾಗಿ ಕೆಳಗೆ ಇಳಿಬಿದ್ದಿರುತ್ತದೆ. ಬಾಲ ಮೇಲಕ್ಕೆ ಸುರುಳಿ ಸುತ್ತಿದ್ದರೆ ಅದು ನಾಯಿ. ಮೈಮೇಲೆ ಬಿಳಿ ಪಟ್ಟೆಯೋ ಕರಿ ಮಚ್ಚೆಯೋ ಇದ್ದರೆ ನಾಯಿಯ ಬೆರಕೆ ಇರಬಹುದು ಎಂದು ಅನುಮಾನಿಸಿ. ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3,000 ಎಂಬುದು ಅಂದಾಜು.

ಚಳಿಗಾಲವೇ ಯಾಕೆ

ನವೆಂಬರಿನಿಂದ ಫೆಬ್ರವರಿವರೆಗೆ ಮೂರು ಅನುಕೂಲಗಳಿವೆ. ಮಳೆಗಾಲದ ಹಸಿರು ಹೊಂಬಣ್ಣಕ್ಕೆ ತಿರುಗಿರುತ್ತದೆ. ಮುಂಗಾರಿನ ಸಜ್ಜೆ, ಮೆಕ್ಕೆಜೋಳ ಕಟಾವಾಗಿ ಹೊಲ ಬಯಲಾಗಿರುತ್ತದೆ, ಕೂಳೆ ಮೇಯಿಸಲು ಕುರಿ ಹಿಂಡು ಇಳಿದಿರುತ್ತದೆ, ಹಿಂಡಿನ ಹಿಂದೆ ತೋಳ ಇರುತ್ತದೆ. ಮೂರನೆಯದು ಸೂರ್ಯ. ಡಿಸೆಂಬರ್ ಕೊನೆಯಲ್ಲಿ ಕೊಪ್ಪಳದ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ, ಮುಳುಗುವುದು 6 ಗಂಟೆ ದಾಟಿ ಮೂರ್ನಾಲ್ಕು ನಿಮಿಷಕ್ಕೆ. ನಡುಹಗಲಲ್ಲೂ ಅವನು 51 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ಇಡೀ ದಿನ ದಕ್ಷಿಣಕ್ಕೆ ವಾಲಿಯೇ ಇರುತ್ತಾನೆ. ಈ ವಾಲುವಿಕೆ ಜಾಗ ಆರಿಸುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಅನಾನುಕೂಲ ಒಂದೇ, ಅದು ದೊಡ್ಡದು: ಇದೇ ತೋಳ ಮರಿ ಹಾಕುವ ಕಾಲ. ಮಳೆ ಮುಗಿದ ಮೇಲೆ ಜೋಡಿಯಾಗಿ, 60ರಿಂದ 63 ದಿನ ಗರ್ಭ ಹೊತ್ತು, ಚಳಿಯ ನಡುವೆ ಹೆಣ್ಣು ಬಿಲ ಸೇರುತ್ತದೆ. ಕೊರಕಲಿನ ದಂಡೆ, ಬಂಡೆ ಸಂದಿ, ಮುಳ್ಳುಹಂದಿ ಬಿಟ್ಟುಹೋದ ಬಿಲ, ಯಾವುದೂ ಆದೀತು. ಬಿಲದ ಬಾಯಿಯಲ್ಲಿ ಕ್ಯಾಮೆರಾ ಹಿಡಿದು ಕೂತರೆ ಮರಿಗಳ ಚಿತ್ರ ಸಿಗುವುದು ನಿಜ. ಆಮೇಲೆ ಏನಾಗುತ್ತದೆ ಎಂಬುದೂ ತಿಳಿದಿರಲಿ. ಮನುಷ್ಯರ ವಾಸನೆ ಹತ್ತಿದ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತದೆ. ಆ ಓಡಾಟದ ಹೊತ್ತಿನಲ್ಲಿ ಒಂಟಿಯಾಗಿ ಉಳಿದ ಮರಿ ಬೀದಿನಾಯಿಗಳ ಪಾಲು. ಅದಕ್ಕಿಂತ ಕೆಟ್ಟದ್ದೆಂದರೆ, ಪಟ್ಟಣದ ಕಾರು ಮೂರು ದಿನ ಒಂದೇ ಕೊರಕಲಿನ ಹತ್ತಿರ ನಿಂತರೆ ಅಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಕುರಿ ಕಳಕೊಂಡ ಯಾರೋ ಒಬ್ಬರು ಬಿಲಕ್ಕೆ ಹೊಗೆ ಹಾಕಿದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಹಾಗಾಗಿ ಬಿಲದ ಫೋಟೊ ಪಟ್ಟಿಯಲ್ಲೇ ಇರಬಾರದು. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟರೆ ತೋಳವೇ ತಿಳಿಸುತ್ತದೆ. ಸಾಮಾನ್ಯವಾಗಿ ಬೊಗಳದ ಈ ಪ್ರಾಣಿ ಬಿಲದ ಹತ್ತಿರ ಗಂಟಲಿನಿಂದ ಮೊಟಕಾಗಿ ಬೊಗಳುತ್ತದೆ. ಅಥವಾ ಓಡಿಹೋಗದೆ ನಿಮ್ಮ ಸುತ್ತಲೇ ಅರ್ಧ ಸುತ್ತು ಹಾಕುತ್ತ, ನಿಂತು ನಿಂತು ನೋಡುತ್ತದೆ. ಇದನ್ನು ಧೈರ್ಯವೆಂದು ಓದಿ ಶಟರ್ ಒತ್ತುತ್ತ ಕೂರಬೇಡಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಆ ಭಾಗವನ್ನು ಆ ಚಳಿಗಾಲಕ್ಕೆ ಬಿಟ್ಟುಬಿಡಿ.

ಜಾಗ, ಪರವಾನಗಿ

ಮೊದಲ ಸಲ ಹೋಗುವವರಿಗೆ ಗುಜರಾತಿನ ಭಾವನಗರ ಜಿಲ್ಲೆಯ ವೇಳಾವದರ್ ಸುಲಭ. ಸುಮಾರು 34 ಚದರ ಕಿಲೋಮೀಟರಿನ ಹುಲ್ಲುಗಾವಲು, ಕೃಷ್ಣಮೃಗದ ದೊಡ್ಡ ಹಿಂಡುಗಳು, ಜೀಪಿಗೆ ಹೊಂದಿಕೊಂಡ ತೋಳಗಳು. ಪುಣೆ ಜಿಲ್ಲೆಯ ಕಡಬನವಾಡಿಯ ಕಡೆ ಅರಣ್ಯ ಇಲಾಖೆಯೇ ಹುಲ್ಲುಗಾವಲು ಸಫಾರಿ ನಡೆಸುತ್ತದೆ. ನಮ್ಮಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ, ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕುರುಚಲು ಬಯಲುಗಳಲ್ಲಿ ತೋಳಗಳಿವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಜಾಗ ತೋಳಧಾಮವಾಗಿದೆ. ಮೇಲುಕೋಟೆ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದೂ ತೋಳಕ್ಕಾಗಿಯೇ. ಆದರೆ ಅದು ಗುಡ್ಡ, ಪೊದೆಗಳ ಜಾಗ, ನೋಟ ದೂರ ಹರಿಯುವುದಿಲ್ಲ.

ಅಭಯಾರಣ್ಯದೊಳಗೆ ಫೋಟೊ ತೆಗೆಯಲು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 28ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಅಲ್ಲಿಯ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಹೋಗುವುದಕ್ಕೆ ಎರಡು ಮೂರು ವಾರ ಮುಂಚೆಯೇ ಅರ್ಜಿ ಕೊಡಿ. ಅಭಯಾರಣ್ಯದ ಹೊರಗೆ ತೋಳ ಇರುವುದು ಹೆಚ್ಚಾಗಿ ಯಾರದೋ ಹೊಲದಲ್ಲಿ ಅಥವಾ ಗೋಮಾಳದಲ್ಲಿ. ಹೊಲದ ಯಜಮಾನರನ್ನು ಕೇಳದೆ ಗಾಡಿ ಇಳಿಸಬಾರದು, ಹಿಂಗಾರಿ ಜೋಳವೋ ಕಡಲೆಯೋ ನಿಂತಿರುತ್ತದೆ. ಇನ್ನೊಂದು ಮಾತು: ಕಾಡುಪ್ರಾಣಿಯನ್ನು ಅಟ್ಟುವುದು, ತಿಂಡಿ ತೋರಿಸಿ ಕರೆಯುವುದು ಎರಡೂ ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಬೇಟೆ’. ತೋಳ ಒಂದನೇ ಷೆಡ್ಯೂಲಿನ, ಅಂದರೆ ಅತಿ ಹೆಚ್ಚು ರಕ್ಷಣೆಯ, ಪ್ರಾಣಿ. ಸತ್ತ ಕೋಳಿ ಎಸೆದು ಕಾಯುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಡ್ರೋನ್ ಮನೆಯಲ್ಲೇ ಇರಲಿ.

ದಾರಿ ಓದುವುದು

ತೋಳ ಮುಳ್ಳುಕಂಟಿಯಲ್ಲಿ ನುಗ್ಗಿ ನಡೆಯುವುದಿಲ್ಲ. ಬಂಡಿ ದಾರಿ, ಹೊಲದ ಬದು, ಒಣಗಿದ ಹಳ್ಳದ ಮರಳು ಅದಕ್ಕೆ ಇಷ್ಟ. ಬೆಳಗಿನ ಓರೆ ಬಿಸಿಲಿನಲ್ಲಿ ಈ ಜಾಗಗಳನ್ನು ನೋಡಿ, ಹೆಜ್ಜೆ ಎದ್ದು ಕಾಣುತ್ತದೆ. ನಾಯಿಯ ಹೆಜ್ಜೆ ದುಂಡಗೆ, ಬೆರಳು ಅಗಲಿಸಿಕೊಂಡು, ಅಡ್ಡಾದಿಡ್ಡಿ ಹೋಗುತ್ತದೆ: ಅಲ್ಲಿ ಮೂಸಿತು, ಇಲ್ಲಿ ತಿರುಗಿತು. ತೋಳದ ಹೆಜ್ಜೆ ಉದ್ದ, ನಡುವಿನ ಎರಡು ಬೆರಳು ಮುಂದಕ್ಕೆ ಚಾಚಿರುತ್ತವೆ, ಮುಂಗಾಲಿನ ಗುರುತಿನ ಮೇಲೇ ಹಿಂಗಾಲು ಬಿದ್ದು, ದಾರ ಹಿಡಿದು ಎಳೆದಂತೆ ನೆಟ್ಟಗೆ ಸಾಗುತ್ತದೆ. ದಾರಿ ಕೂಡುವಲ್ಲಿ ಕೂದಲು, ಎಲುಬಿನ ಚೂರು ತುಂಬಿದ ಹಿಕ್ಕೆ ಇದ್ದರೆ ಅದು ಗಡಿಯ ಗುರುತು. ಅಲ್ಲಿಗೆ ತೋಳ ಮತ್ತೆ ಮತ್ತೆ ಬರುತ್ತದೆ. ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಲಾಡಿಹುಳದ ಮೊಟ್ಟೆಗಳಿರುತ್ತವೆ. ಕಡ್ಡಿಯಿಂದ ಕೆದಕಿ ನೋಡಿದರೆ ಸಾಕು.

ಹೆಜ್ಜೆಗಿಂತ ಬೇಗ ಉತ್ತರ ಸಿಗುವುದು ಕುರಿಗಾಹಿಗಳ ಬಳಿ. ಆದರೆ ಕೇಳುವ ಪ್ರಶ್ನೆ ಸರಿಯಿರಬೇಕು. “ತೋಳ ಎಲ್ಲಿದೆ?” ಎಂದರೆ ದಾರಿಯ ಮೇಲೆ ಹೋಗುವವರಿಗೆಲ್ಲ ಕೊಡುವ ಉತ್ತರವೇ ನಿಮಗೂ ಸಿಗುತ್ತದೆ. “ಅಜ್ಜಾರ, ರಾತ್ರಿ ನಾಯಿಗೋಳು ಯಾವ ಕಡೆ ಮಕ ಮಾಡಿ ಬೊಗಳಿದ್ವು?” ಎಂದು ಕೇಳಿ. ಹಟ್ಟಿಯ ನಾಯಿಗಳು ಬೊಗಳಿದ ದಿಕ್ಕು, ಹೊತ್ತು ಎರಡೂ ಅವರಿಗೆ ನೆನಪಿರುತ್ತವೆ. ಮೂರು ಹಟ್ಟಿಗಳಲ್ಲಿ ಕೇಳಿದರೆ ನಕ್ಷೆಯ ಮೇಲೆ ಮೂರು ಗೆರೆ ಎಳೆಯಬಹುದು. ಗೆರೆ ಕೂಡುವ ಕಡೆ ಬೆಳಗಿನ ಹೊತ್ತು ಕಾಯಬೇಕು.

ದುಡ್ಡಿನ ವಿಷಯ ಇಲ್ಲಿ ಸೂಕ್ಷ್ಮ. “ತೋಳ ತೋರಿಸಿದರೆ ಇಷ್ಟು” ಎಂದು ಮಾತಾಡಿಕೊಂಡರೆ ತೋರಿಸಲೇಬೇಕಾದ ಒತ್ತಡ ಬಿದ್ದು, ಪೊದೆ ಬಡಿದು ಎಬ್ಬಿಸುವುದೋ ಬಿಲಕ್ಕೆ ಕರೆದೊಯ್ಯುವುದೋ ಶುರುವಾಗುತ್ತದೆ. ತೋಳ ಕಂಡರೂ ಕಾಣದಿದ್ದರೂ ದಿನದ ಕೂಲಿ ಇಷ್ಟು ಎಂದು ಮೊದಲೇ ಮಾತಾಡಿ ಮುಗಿಸಿ.

ಕೂರುವ ಜಾಗ: ಬಿಸಿಲು, ಗಾಳಿ

ಹೊಸಬರು ಮಾಡುವ ತಪ್ಪು ಇಲ್ಲೇ. ಸೂರ್ಯ ಬೆನ್ನಿಗಿರಲಿ ಎಂಬ ಹಳೆಯ ಪಾಠ ನೆನಪಿಟ್ಟು ಬೆಳಗ್ಗೆ ಪೂರ್ವಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಆದರೆ ಚಳಿಗಾಲದಲ್ಲಿ ಬಯಲುಸೀಮೆಯ ಗಾಳಿ ಬೀಸುವುದೂ ಪೂರ್ವ, ಈಶಾನ್ಯದ ಕಡೆಯಿಂದ. ಅಂದರೆ ನಿಮ್ಮ ವಾಸನೆ, ಸೊಳ್ಳೆ ಮುಲಾಮಿನ ಘಾಟು, ಡಬ್ಬಿಯೊಳಗಿನ ಉಪ್ಪಿಟ್ಟು ಎಲ್ಲವೂ ನೀವು ನೋಡುತ್ತಿರುವ ಕಡೆಗೇ ಹೋಗುತ್ತಿರುತ್ತವೆ. ತೋಳ ಅರ್ಧ ಕಿಲೋಮೀಟರ್ ಆಚೆಯೇ ದಾರಿ ಬದಲಿಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಪೂರ್ವ ಪಶ್ಚಿಮವಾಗಿ ಹರಿಯುವ ದಾರಿಯೊಂದನ್ನು ಹುಡುಕಿ, ಅದರ ದಕ್ಷಿಣಕ್ಕೆ ಕೂತು ಉತ್ತರಕ್ಕೆ ಮುಖ ಮಾಡಿ. ಡಿಸೆಂಬರಿನ ಸೂರ್ಯ ಆಗ್ನೇಯದ ಕಡೆ ಹುಟ್ಟುವುದರಿಂದ ಬೆಳಕು ಬಲಭುಜದ ಸ್ವಲ್ಪ ಹಿಂದಿನಿಂದ ಬರುತ್ತದೆ, ಈಶಾನ್ಯದ ಗಾಳಿ ನಿಮ್ಮ ಮುಖಕ್ಕೆ ಹೊಡೆಯುತ್ತದೆ. ಸಂಜೆ ಅವನು ನೈಋತ್ಯದತ್ತ ಇಳಿಯುವಾಗ ಬೆಳಕು ಎಡಭುಜಕ್ಕೆ ಬರುತ್ತದೆ, ಕೂತ ಜಾಗ ಬದಲಿಸಬೇಕಿಲ್ಲ. ಗಾಳಿಯನ್ನು ನಂಬಿಕೆಯ ಮೇಲೆ ಬಿಡಬೇಡಿ, ಹಿಡಿ ಒಣಮಣ್ಣು ಎತ್ತಿ ಬಿಟ್ಟು ನೋಡಿ, ಬೆಳಗ್ಗೆ ಎಂಟು ದಾಟಿದ ಮೇಲೆ ಮತ್ತೊಮ್ಮೆ ನೋಡಿ.

ದಾರಿಯಿಂದ 60–80 ಮೀಟರ್ ದೂರ ಸಾಕು. 600 ಎಂಎಂ ಲೆನ್ಸು, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಇದ್ದರೆ 100 ಮೀಟರಿನಲ್ಲಿ ಚೌಕಟ್ಟಿನ ಅಗಲ 6 ಮೀಟರ್. ಒಂದು ಮೀಟರ್ ಮೈಯುದ್ದದ ತೋಳ ಅದರಲ್ಲಿ ಆರನೇ ಒಂದು ಭಾಗ. 50 ಮೀಟರಿನಲ್ಲಿ ಮೂರನೇ ಒಂದು ಭಾಗ. ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 100 ಮೀಟರಿಗೇ ಕಾಲು ಭಾಗ ತುಂಬುತ್ತದೆ, ಈ ಕೆಲಸಕ್ಕೆ ಅದೇನೂ ಕೀಳಲ್ಲ. 400 ಎಂಎಂ ಮಾತ್ರ ಇದ್ದರೆ ತೋಳವನ್ನು ಚಿಕ್ಕದಾಗಿಯೇ ಇಟ್ಟು, ಬಯಲು, ಕುರಿ ಹಿಂಡು, ಮಂಜು ಸೇರಿಸಿ ಚಿತ್ರ ಮಾಡಿ. ಎಷ್ಟೋ ಸಲ ಅದೇ ಹೆಚ್ಚು ಒಳ್ಳೆಯ ಚಿತ್ರ.

ಕಾರೇ ಮರೆ. ಇಳಿದು ನಿಂತ ಮನುಷ್ಯನ ಆಕಾರ ಕಂಡ ತೋಳ ನಿಲ್ಲುವುದಿಲ್ಲ. ಸೂರ್ಯ ಹುಟ್ಟುವ 40 ನಿಮಿಷ ಮುಂಚೆ ಜಾಗದಲ್ಲಿರಿ, ಎಂಜಿನ್ ಆರಿಸಿ, ಎದುರಿನ ಬದಿಯ ಕಿಟಕಿ ಮುಚ್ಚಿ. ಎರಡೂ ಕಿಟಕಿ ತೆರೆದಿದ್ದರೆ ಆಚೆಯ ಬೆಳಕಿನಲ್ಲಿ ನಿಮ್ಮ ತಲೆ ಆಡುವುದು ಕಪ್ಪಾಗಿ ಕಾಣುತ್ತದೆ. ಕಿಟಕಿಯ ಮೇಲೆ ಬೀನ್ ಬ್ಯಾಗು ಇಡಿ. ತುಂಬಲು ರಾಗಿಯಷ್ಟು ಚೆನ್ನಾದದ್ದು ಬೇರೆ ಇಲ್ಲ: ಕಾಳು ಸಣ್ಣದು, ಲೆನ್ಸಿನ ಸುತ್ತ ನೀರಿನಂತೆ ಕೂರುತ್ತದೆ. ಮೂರು ಕಿಲೋ ಹಿಡಿಯುವ ಚೀಲಕ್ಕೆ ಎರಡೂವರೆ ಕಿಲೋ ತುಂಬಿ, ಬಿಗಿಯಾಗಿ ತುಂಬಿದರೆ ಲೆನ್ಸು ಉರುಳುತ್ತದೆ. ಇಬ್ಬನಿಯಲ್ಲಿ ನೆನೆದ ರಾಗಿ ಮೂರನೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ, ಮಧ್ಯಾಹ್ನ ಬಿಸಿಲಿಗೆ ಹರವಿ.

ಕ್ಯಾಮೆರಾ ಹೊಂದಿಸುವುದು

ಸೂರ್ಯ ಹುಟ್ಟುವ ಹತ್ತು ನಿಮಿಷ ಮುಂಚೆ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/6.3ರಲ್ಲಿಟ್ಟು, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ 6400 ಇಟ್ಟರೂ ಶಟರ್ ನಿಧಾನವೇ. ನಿಂತ ತೋಳಕ್ಕೆ ಸಾಕು, ನಡೆಯುವುದಕ್ಕೆ ಸಾಲದು. ಆಗ ಅದು ನಿಲ್ಲುವವರೆಗೆ ಕಾದು, ನಿಂತ ಕ್ಷಣ ಐದಾರು ಚಿತ್ರ ತೆಗೆಯಿರಿ. ಬಿಸಿಲು ಬಿದ್ದು ಕಾಲು ಗಂಟೆಯಾದರೆ ಐಎಸ್‌ಒ 1600ಕ್ಕೆ ಶಟರ್ 1/1600 ಸೆಕೆಂಡ್ ಸಿಗುತ್ತದೆ, ತೋಳದ ಮಾಮೂಲಿ ಕುಕ್ಕುಲೋಟದ ನಡಿಗೆಗೆ ಇದು ಸರಿ. ಎಂಟು ಗಂಟೆಗೆ ಎಫ್/7.1, ಐಎಸ್‌ಒ 800, 1/2500 ಇದ್ದರೆ ಬೇಟೆಯ ಓಟವನ್ನೂ ಹಿಡಿಯಬಹುದು. ಮ್ಯಾನ್ಯುಯಲ್ ಮೋಡಿನಲ್ಲಿ ಶಟರ್, ಅಪರ್ಚರ್ ಕಟ್ಟಿ ಐಎಸ್‌ಒ ಆಟೊ ಬಿಡುವುದು ಈ ಕೆಲಸಕ್ಕೆ ಅನುಕೂಲ.

ಆಟೊ ಇದ್ದರೂ ನೆಲದ ಬಣ್ಣ ಮೋಸ ಮಾಡುತ್ತದೆ. ಉತ್ತ ಎರೆಮಣ್ಣಿನ ಹಿನ್ನೆಲೆಯಲ್ಲಿ ತೋಳ ನಡೆದರೆ ಕ್ಯಾಮೆರಾ ಕಪ್ಪನ್ನು ಬೆಳಗಿಸಲು ಹೋಗಿ ತೋಳದ ಕೆನ್ನೆಯ ಬಿಳಿಯನ್ನು ಸುಟ್ಟುಹಾಕುತ್ತದೆ: ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ಕೈಯಾರೆ ತಿದ್ದುವುದು) –0.7 ಇಡಿ. ಮಂಜಿನಲ್ಲಿ ಇದರ ಉಲ್ಟಾ, +0.7. ಒಣಹುಲ್ಲಿನ ನಡುವೆ ಸೊನ್ನೆ ಸರಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಡೇಲೈಟಿನಲ್ಲಿಡಿ. ಆಟೊದಲ್ಲಿ ಬಿಟ್ಟರೆ ಬೆಳಗಿನ ಹೊನ್ನನ್ನು ಅದು ದೋಷವೆಂದು ತಿಳಿದು ತೊಳೆದುಬಿಡುತ್ತದೆ.

ಫೋಕಸ್ ಹಾಳಾಗುವುದು ಹುಲ್ಲಿನಿಂದ. ತೋಳಕ್ಕಿಂತ ಎರಡು ಮೀಟರ್ ಮುಂದೆ ಅಲ್ಲಾಡುವ ಹುಲ್ಲಿನ ತೆನೆಯನ್ನು ಕ್ಯಾಮೆರಾ ಹಿಡಿದುಕೊಳ್ಳುತ್ತದೆ. 600 ಎಂಎಂ, ಎಫ್/6.3ರಲ್ಲಿ 50 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು ಎರಡೂವರೆ ಮೀಟರ್ ಅಷ್ಟೆ, ಹುಲ್ಲಿಗೆ ಸಿಕ್ಕರೆ ಕಣ್ಣು ಮಸುಕು. ಪ್ರಾಣಿಯ ಕಣ್ಣು ಗುರುತಿಸುವ ಸೌಲಭ್ಯ ಬಯಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಎತ್ತರದ ಹುಲ್ಲಿನಲ್ಲಿ ಗಲಿಬಿಲಿಗೊಳ್ಳುತ್ತದೆ. ಅದನ್ನು ಒಂದೇ ಗುಂಡಿಯಲ್ಲಿ ನಿಲ್ಲಿಸಿ, ಸಣ್ಣ ಸಿಂಗಲ್ ಪಾಯಿಂಟಿಗೆ (ಒಂದೇ ಫೋಕಸ್ ಬಿಂದುವಿಗೆ) ಬರುವಂತೆ ಮೊದಲೇ ಹೊಂದಿಸಿಕೊಳ್ಳಿ. ಅಡ್ಡ ಬಂದದ್ದಕ್ಕೆಲ್ಲ ಫೋಕಸ್ ಜಿಗಿಯದಂತೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು ನಿಧಾನದ ಕಡೆಗೆ ಇಡಿ.

ಬಿಸಿಗಾಳಿ, ಇಬ್ಬನಿ, ದೂಳು

ಚಿತ್ರ ಸ್ವಲ್ಪ ಮಸುಕಾದರೆ ಜನ ಲೆನ್ಸನ್ನು ಬೈಯುತ್ತಾರೆ. ತಪ್ಪು ಹೆಚ್ಚಿನ ಸಲ ಗಾಳಿಯದು. ರಾತ್ರಿಯಿಡೀ ತಣ್ಣಗಾದ ನೆಲಕ್ಕೆ ಬಿಸಿಲು ಬಿದ್ದು ನೆಲದ ಗಾಳಿ ಕಾದು ಮೇಲೇಳುತ್ತದೆ, ಆ ಪದರಗಳ ಮೂಲಕ ಬರುವ ಬೆಳಕು ನಡುಗುತ್ತದೆ. ಒಂಬತ್ತರ ಹೊತ್ತಿಗೆ ಎರೆಹೊಲದ ಮೇಲೆ ಇದು ಜೋರಾಗಿರುತ್ತದೆ, ಹುಲ್ಲಿನ ಮೇಲೆ ಅರ್ಧ ಗಂಟೆ ತಡ. ಪರೀಕ್ಷೆ ಸುಲಭ: ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ದೂರದ ಕಲ್ಲಿನ ಅಂಚು ನೋಡಿ. ಅಂಚು ಕುದಿಯುವಂತೆ ಕಂಡರೆ ಎಷ್ಟು ದುಬಾರಿ ಲೆನ್ಸಿದ್ದರೂ 50 ಮೀಟರಿನಾಚೆ ಕೂದಲೆಳೆ ಸಿಗುವುದಿಲ್ಲ, ಊಟಕ್ಕೆ ಹೊರಡಿ.

ಇದರದೇ ಇನ್ನೊಂದು ರೂಪ ಬೆಳಗ್ಗೆ ಆರೂವರೆಗೇ ಕಾಡುತ್ತದೆ, ಅದು ಕಾರಿನೊಳಗಿನದು. ಹೀಟರ್ ಹಾಕಿಕೊಂಡು ಬಂದರೆ ಒಳಗಿನ ಬೆಚ್ಚನೆ ಗಾಳಿ ಕಿಟಕಿಯಿಂದ ಲೆನ್ಸಿನ ಮುಂದೆಯೇ ಹೊರಹೋಗುತ್ತ ಚಿತ್ರವನ್ನು ಕಲಕುತ್ತದೆ. ಹೀಟರ್ ಬೇಡ, ಕಂಬಳಿ ಹೊದೆಯಿರಿ. ಬೆಳಗ್ಗೆ 14–15 ಡಿಗ್ರಿಗೆ ಅದು ಧಾರಾಳ ಸಾಕು. ರಾತ್ರಿ ಕೋಣೆಯಲ್ಲಿಟ್ಟ ಕ್ಯಾಮೆರಾ ಹೊರಗಿನ ಇಬ್ಬನಿಯ ಗಾಳಿಗೆ ಹೊಂದಿಕೊಳ್ಳಲಿ. ಹೊರಡುವ ಅರ್ಧ ಗಂಟೆ ಮುಂಚೆ ಬ್ಯಾಗು ಮುಚ್ಚಿದಂತೆಯೇ ಹೊರಗಿಡಿ.

ದೂಳಿಗೆ ಮದ್ದು ಒಂದೇ, ಹೊಲದಲ್ಲಿ ಲೆನ್ಸು ಬಿಚ್ಚದಿರುವುದು. ಎರೆಮಣ್ಣಿನ ದೂಳನ್ನು ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ಬ್ಲೋವರಿನಲ್ಲಿ ಊದಿ. ನಡೆಯಬೇಕಾದರೆ ಉಣ್ಣೆಯ ಕಾಲುಚೀಲ ಬೇಡ, ಹುಲ್ಲಿನ ಊಬು ಚುಚ್ಚಿಕೊಂಡು ಸಂಜೆಯೆಲ್ಲ ಕೀಳುತ್ತ ಕೂರಬೇಕಾಗುತ್ತದೆ.

ಬಂದಾಗ

ಬರುವ ಸುದ್ದಿ ತೋಳಕ್ಕಿಂತ ಮುಂಚೆ ಬರುತ್ತದೆ. ತೇನೆ ಹಕ್ಕಿ ಒಂದೇ ಸಮನೆ ಕಿರುಚಿಕೊಂಡು ಏಳುತ್ತದೆ. ಮೇಯುತ್ತಿದ್ದ ಕೃಷ್ಣಮೃಗಗಳೆಲ್ಲ ತಲೆಯೆತ್ತಿ ಒಂದೇ ದಿಕ್ಕಿಗೆ ನೋಡುತ್ತವೆ. ನೀವೂ ಆ ದಿಕ್ಕಿಗೆ ಲೆನ್ಸು ತಿರುಗಿಸಿ, ನಿಧಾನವಾಗಿ, ಇನ್ನೂ ಏನೂ ಕಾಣದಿರುವಾಗಲೇ. ತೋಳ ಕಂಡ ಮೇಲೆ ಲೆನ್ಸು ಆಡಿಸಿದರೆ ಆ ಚಲನೆಯೇ ಸಾಕು ಅದಕ್ಕೆ.

ಮೊದಲ ಚಿತ್ರ ದೂರದಿಂದಲೇ ತೆಗೆದು ಸುಮ್ಮನಾಗಿ. ಕಿವಿ ಮುಂದಕ್ಕೆ ನೆಟ್ಟು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಉಸಿರಾಡುವುದನ್ನು ಬಿಟ್ಟು ಮತ್ತೇನೂ ಮಾಡಬೇಡಿ, ಬರ್ಸ್ಟಿನ (ಒಂದೇ ಸಮನೆ ಚಿತ್ರ ತೆಗೆಯುವ) ಸದ್ದೂ ಬೇಡ. ಸೈಲೆಂಟ್ ಶಟರ್ ಇದ್ದರೆ ಸರಿ, ಆದರೆ ಕೆಲವು ಕ್ಯಾಮೆರಾಗಳಲ್ಲಿ ಅದರಿಂದ ಓಡುವ ಕಾಲುಗಳು ಸೊಟ್ಟಗಾಗುತ್ತವೆ. ಕಿವಿ ಸಡಿಲವಾಗಿ ಬದಿಗೆ ತಿರುಗಿತೆಂದರೆ ಒಪ್ಪಿಕೊಂಡಿದೆ ಎಂದರ್ಥ, ಆಗ ಮುಂದುವರಿಸಿ. ದಾರಿ ದಾಟಿ ಹೋದ ತೋಳ ಸ್ವಲ್ಪ ದೂರದಲ್ಲಿ ಒಮ್ಮೆ ನಿಂತು ಹಿಂತಿರುಗಿ ನೋಡುವುದುಂಟು. ಬೆನ್ನು ಕಂಡಿತೆಂದು ಕ್ಯಾಮೆರಾ ಇಳಿಸಿದವರು ಆ ಚಿತ್ರ ಕಳೆದುಕೊಳ್ಳುತ್ತಾರೆ. ಹಾಗೆಯೇ ಒಂದು ದಾಟಿದರೆ ಮುಗಿಯಿತು ಎನ್ನಬೇಡಿ, ಹಿಂದೆ ಇನ್ನೊಂದು ಇರಬಹುದು. ಕನಿಷ್ಠ ಹತ್ತು ನಿಮಿಷ ಎಂಜಿನ್ ಹಚ್ಚಬೇಡಿ.

ಬೇಟೆಯ ಹೊತ್ತಿನಲ್ಲಿ, ಕುರಿಯಾಗಲಿ ಜಿಂಕೆಯಾಗಲಿ ಬಿದ್ದಾಗ, ಗಾಡಿ ಹತ್ತಿರ ಒಯ್ಯಬೇಡಿ. ತೋಳ ಬಿಟ್ಟೋಡಿದರೆ ಆ ಹಸಿವಿಗೆ ಮತ್ತೊಂದು ಕುರಿ ಬಲಿ, ನಷ್ಟ ಕುರಿಗಾಹಿಯದು.

ಅಮೆರಿಕದಲ್ಲಿರುವವರಿಗೆ

ಅಲ್ಲಿಯ ಕನ್ನಡಿಗರು ಹಿಮದ ತೋಳ ಬೇಕೆಂದರೆ ಯೆಲ್ಲೋಸ್ಟೋನಿನ ಲಾಮಾರ್ ಕಣಿವೆಗೆ ಹೋಗಬಹುದು. 1995 ಮತ್ತು 96ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಪಾರ್ಕು ಅದು. ಗಾರ್ಡಿನರ್‌ನಿಂದ ಕುಕ್ ಸಿಟಿವರೆಗಿನ ರಸ್ತೆ ಚಳಿಗಾಲದಲ್ಲೂ ಕಾರಿಗೆ ತೆರೆದಿರುತ್ತದೆ. ತೋಳದಿಂದ 100 ಗಜ ದೂರ ಇರಬೇಕೆಂಬುದು ಅಲ್ಲಿಯ ನಿಯಮ. ಹಿಮಕ್ಕೆ +1ರಿಂದ +1.7 ಕಾಂಪನ್ಸೇಷನ್ ಬೇಕು, ಇಲ್ಲದಿದ್ದರೆ ಹಿಮ ಬೂದುಬಣ್ಣಕ್ಕೆ ತಿರುಗುತ್ತದೆ. ಬ್ಯಾಟರಿ ಬೇಗ ಕುಸಿಯುವುದರಿಂದ ಎರಡು ಹೆಚ್ಚಿನವನ್ನು ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ. ಒಳಗೆ ಬರುವಾಗ ಕ್ಯಾಮೆರಾವನ್ನು ಹೊರಗೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಒಳಗೆ ತಂದ ಎರಡು ಗಂಟೆಯ ನಂತರ ತೆರೆಯಿರಿ.

ಹಾಕುವ ಮುಂಚೆ

ಚಿತ್ರ ನೆಟ್ಟಿಗೆ ಏರಿಸುವ ಮೊದಲು ಜಿಪಿಎಸ್ ಮಾಹಿತಿ ಅಳಿಸಿ. ಕ್ಯಾಮೆರಾದಲ್ಲಿ ಇಲ್ಲದಿದ್ದರೂ ಅದೇ ಜಾಗದಲ್ಲಿ ಫೋನಿನಲ್ಲಿ ತೆಗೆದ ಸೂರ್ಯೋದಯದ ಚಿತ್ರದಲ್ಲಿ ಇರುತ್ತದೆ. ಶೀರ್ಷಿಕೆಯಲ್ಲಿ ಜಿಲ್ಲೆಯ ಹೆಸರು ಸಾಕು, ಊರು ಬೇಡ. ಮರಿ ಹಾಕುವ ತಿಂಗಳುಗಳಲ್ಲಿ ತೆಗೆದದ್ದನ್ನು ಬೇಸಿಗೆಯಲ್ಲಿ ಹಾಕಿದರೆ ಯಾರಿಗೂ ನಷ್ಟವಿಲ್ಲ. ಹಿನ್ನೆಲೆಯನ್ನೂ ಒಮ್ಮೆ ನೋಡಿ: ಗದಗ, ಕೊಪ್ಪಳದ ಕಡೆ ದಿಗಂತದಲ್ಲಿ ಗಾಳಿವಿದ್ಯುತ್ತಿನ ಕಂಬಗಳಿರುತ್ತವೆ, ಊರವರ ಬಾಯಲ್ಲಿ ‘ಫ್ಯಾನು’. ಅದರ ಬುಡದಲ್ಲಿ ಬರೆದ ನಂಬರು 600 ಎಂಎಂ ಲೆನ್ಸಿನಲ್ಲಿ ಓದುವಷ್ಟು ಸ್ಪಷ್ಟವಾಗಿ ಬಂದಿದ್ದರೆ ಆ ಭಾಗವನ್ನು ಕತ್ತರಿಸಿಯೇ ಹಾಕಿ.